ಹಳೆ ಉತ್ತರ, ಹೊಸ ಪ್ರಶ್ನೆ: ಕರ್ನಲ್ ಸೆಟ್ಟಿಂಗ್‌ಗಳ ಮೂವತ್ತು ವರ್ಷದ ಕಥೆ

ನಿಮ್ಮ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನ್ ಆಗಿದ್ದರೆ ಅದರೊಳಗೆ ಲಿನಕ್ಸ್ ಎಂಬ ಕರ್ನಲ್ ಇದೆ. ಪರದೆ, ಮೆಮೊರಿ, ಕ್ಯಾಮೆರಾ ಮುಂತಾದ ಭಾಗಗಳಿಗೂ ನೀವು ತೆರೆಯುವ ಆ್ಯಪ್‌ಗಳಿಗೂ ನಡುವೆ ನಿಂತು ಕೆಲಸ ಹಂಚುವ ಮೇಸ್ತ್ರಿಯೇ ಕರ್ನಲ್. ಹೊಸ ಮೇಸ್ತ್ರಿ ಬಂದಾಗ ಹಳಬನ ಕೈಲಿದ್ದ ಪಟ್ಟಿಯನ್ನೇ ಅವನಿಗೂ ಕೊಡುವುದು ಲಿನಕ್ಸ್ ಲೋಕದ ಹಳೆಯ ರೂಢಿ. ಬಹುಪಾಲು ಸಲ ಕೆಲಸ ಸಲೀಸಾಗಿ ನಡೆಯುತ್ತದೆ. ಕೆಲವು ಸಲ ಮಾತ್ರ ಪರದೆ ಕಪ್ಪಾಗಿ ನಿಲ್ಲುತ್ತದೆ. ಯಾಕೆ ಹೀಗೆ?

1991ಕ್ಕೆ ಹೋಗೋಣ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 21 ವರ್ಷದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತನ್ನ ಕಂಪ್ಯೂಟರಿಗಾಗಿ ಒಂದು ಕರ್ನಲ್ ಬರೆದರು. ಆ ಸೆಪ್ಟೆಂಬರ್‌ನಲ್ಲಿ ಅದರ 0.01 ಆವೃತ್ತಿ ಹೊರಬಂತು. ಕೀಬೋರ್ಡ್ ಫಿನ್ಲೆಂಡಿನದು, ಹಾರ್ಡ್‌ಡಿಸ್ಕಿನ ಅಳತೆ ಅವರದೇ ಯಂತ್ರದ್ದು. ಎಲ್ಲವೂ ಕೋಡ್ ಒಳಗೇ ಬರೆದಿತ್ತು. ಬೇರೆಯವರು ಬಳಸಬೇಕೆಂದರೆ ಫೈಲ್ ತೆರೆದು ಕೈಯಿಂದಲೇ ತಿದ್ದಬೇಕು. ಬಳಸುವವರು ಕೆಲವೇ ಮಂದಿ, ತಿದ್ದುವ ಸಾಲುಗಳೂ ಕೆಲವೇ. ಹಾಗಾಗಿ ಯಾರಿಗೂ ಕಷ್ಟ ಅನಿಸಲಿಲ್ಲ.

1994ರ ಮಾರ್ಚ್‌ನಲ್ಲಿ 1.0 ಆವೃತ್ತಿ ಬರುವಾಗ ಕೋಡ್ 1.75 ಲಕ್ಷ ಸಾಲು ದಾಟಿತ್ತು. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಬಗೆಯ ಯಂತ್ರ. ಅದಕ್ಕಾಗಿ ಪ್ರಶ್ನೆ ಕೇಳುವ ಪದ್ಧತಿ ಬಂತು. 'ಮೇಕ್ ಕಾನ್ಫಿಗ್' ಎಂದು ಟೈಪ್ ಮಾಡಿದರೆ ಕಂಪ್ಯೂಟರ್ ಒಂದೊಂದಾಗಿ ಕೇಳುತ್ತಾ ಹೋಗುತ್ತದೆ: ಈ ಡಿಸ್ಕ್ ಬೇಕೇ? ಈ ನೆಟ್‌ವರ್ಕ್ ಕಾರ್ಡ್ ಬೇಕೇ? 'ವೈ' ಅಂದರೆ ಬೇಕು, 'ಎನ್' ಅಂದರೆ ಬೇಡ. ಮುಂದೆ 'ಎಂ' ಕೂಡ ಸೇರಿತು. ಅಂದರೆ ಈ ಭಾಗ ಪಕ್ಕದಲ್ಲಿರಲಿ, ಬೇಕಾದಾಗ ತೆಗೆದುಕೊಳ್ಳೋಣ ಎಂದು. ನಡುವೆ ಒಂದು ಉತ್ತರ ತಪ್ಪಿದರೆ ಹಿಂದೆ ಹೋಗುವ ದಾರಿ ಇರಲಿಲ್ಲ, ಮೊದಲಿನಿಂದ ಶುರು ಮಾಡಬೇಕಿತ್ತು. ಎಲ್ಲ ಉತ್ತರಗಳೂ ಕೊನೆಗೆ 'ಡಾಟ್ ಕಾನ್ಫಿಗ್' ಎಂಬ ಫೈಲಿನಲ್ಲಿ ಉಳಿಯುತ್ತಿದ್ದವು.

ಹೊಸ ಆವೃತ್ತಿ ಬಂದಾಗಲೆಲ್ಲ ಇಷ್ಟೂ ಪ್ರಶ್ನೆಗೆ ಮತ್ತೆ ಉತ್ತರ ಕೊಡುವವರು ಯಾರು? ಆಗ ನೆರವಿಗೆ ಬಂದದ್ದು 'ಮೇಕ್ ಓಲ್ಡ್‌ಕಾನ್ಫಿಗ್'. ಹಳೆ ಫೈಲನ್ನು ಹೊಸ ಕೋಡ್ ಪಕ್ಕ ತಂದಿಟ್ಟು ಇದನ್ನು ಓಡಿಸಿದರೆ, ಹಿಂದೆ ಉತ್ತರಿಸಿದ್ದನ್ನು ಮತ್ತೆ ಕೇಳುವುದಿಲ್ಲ. ಹೊಸ ಪ್ರಶ್ನೆ ಇದ್ದರೆ ಮಾತ್ರ ಕೇಳುತ್ತದೆ. ಇವತ್ತಿನ ಕರ್ನಲ್‌ನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಆಯ್ಕೆಗಳಿವೆ. ಹಳೆ ಉತ್ತರ ಬಳಸದೆ ಯಾರಿಗೂ ಗತಿಯಿಲ್ಲ.

ಆದರೆ ಈ ಪದ್ಧತಿಗೆ ಒಂದು ಮಿತಿ ಇದೆ. ಅದು ಹೋಲಿಸುವುದು ಆಯ್ಕೆಯ ಹೆಸರನ್ನು ಮಾತ್ರ, ಅರ್ಥವನ್ನಲ್ಲ. ಕಳೆದ ವರ್ಷದ ಪಹಣಿ ನೋಡಿಕೊಂಡೇ ಈ ವರ್ಷದ ಬೆಳೆ ಕಾಲಂ ತುಂಬಿದ ಹಾಗೆ. ಸರ್ವೆ ನಂಬರ್ ಅದೇ, ಹೊಲದಲ್ಲಿರುವ ಬೆಳೆ ಬೇರೆ. ಇದರಿಂದ ಆದ ಮೂರು ಪೇಚಾಟಗಳನ್ನು ನೋಡೋಣ.

ಮೊದಲನೆಯದು ಹೆಸರು ಉಳಿದು ಅರ್ಥ ಬದಲಾದದ್ದು. 2.4 ಆವೃತ್ತಿಯಲ್ಲಿ 'ಇನ್‌ಪುಟ್' ಎಂಬ ಆಯ್ಕೆ ಮುಖ್ಯವಾಗಿ ಯುಎಸ್‌ಬಿ ಕೀಬೋರ್ಡ್, ಮೌಸ್ ಇದ್ದವರಿಗೆ ಬೇಕಾಗಿತ್ತು. ದುಂಡು ಪಿನ್ನಿನ ಕೀಬೋರ್ಡ್ ಇದ್ದವರು 'ಬೇಡ' ಎಂದೋ 'ಬೇಕಾದಾಗ' ಎಂದೋ ಬರೆದಿದ್ದರು. ಅವರ ಮಟ್ಟಿಗೆ ಅದು ಸರಿಯಾದ ಉತ್ತರ. 2003ರ ಡಿಸೆಂಬರ್‌ನಲ್ಲಿ 2.6 ಬಂತು. ಅದರಲ್ಲಿ ಎಲ್ಲ ಬಗೆಯ ಕೀಬೋರ್ಡ್‌ಗಳೂ ಇದೇ 'ಇನ್‌ಪುಟ್' ಅಡಿಗೆ ಬಂದವು. ಪರದೆ ಮೇಲೆ ಅಕ್ಷರ ಮೂಡಿಸುವ ಭಾಗ ಕೂಡ, 'ಇನ್‌ಪುಟ್' ಕರ್ನಲ್ ಒಳಗೇ ಇದ್ದರೆ ಮಾತ್ರ ಇರುವಂತಾಯಿತು. ಹಳೆ ಫೈಲ್ ತಂದವರ 'ಬೇಡ' ಹಾಗೇ ಮುಂದುವರಿಯಿತು. ಅದರಿಂದ ಪರದೆಯ ಆಯ್ಕೆ ಸದ್ದಿಲ್ಲದೆ ಬಿದ್ದುಹೋಯಿತು, ಬೇಕೇ ಎಂದು ಯಾರೂ ಕೇಳಲಿಲ್ಲ. ಕಂಪ್ಯೂಟರ್ ಆನ್ ಮಾಡಿದರೆ ಕರ್ನಲ್ ಶುರುವಾಗುತ್ತಿದೆ ಎಂಬ ಒಂದು ಸಾಲು, ಆಮೇಲೆ ಏನೂ ಇಲ್ಲ. ವಿಚಿತ್ರ ಏನೆಂದರೆ, ಯಂತ್ರ ಕೆಟ್ಟಿರಲಿಲ್ಲ. ಒಳಗೆ ಕೆಲಸ ನಡೆಯುತ್ತಲೇ ಇತ್ತು. ಅದಕ್ಕೆ ಬಾಯಿಯೂ ಇರಲಿಲ್ಲ, ಕಿವಿಯೂ ಇರಲಿಲ್ಲ, ಅಷ್ಟೇ. ಹೊಸ ಕರ್ನಲ್‌ಗೆ ಹೋಗುವವರಿಗಾಗಿ ಡೆವಲಪರ್ ಡೇವ್ ಜೋನ್ಸ್ ಬರೆದ ಟಿಪ್ಪಣಿಯಲ್ಲಿ ಈ ಎಚ್ಚರಿಕೆಯೂ ಇತ್ತು. ಮುಂದೆ ಈ ಆಯ್ಕೆಯನ್ನು ಸಾಮಾನ್ಯ ಬಳಕೆದಾರರ ಕಣ್ಣಿಗೆ ಬೀಳದಂತೆ ಮಾಡಿ, 'ಬೇಕು' ಎಂದೇ ಇರಿಸಲಾಯಿತು.

ಎರಡನೆಯದು 'ಬೇಡ' ಎಂಬ ಉತ್ತರಕ್ಕೆ ವಯಸ್ಸಾದದ್ದು. 2009ರ ಡಿಸೆಂಬರ್‌ನ 2.6.32ರಲ್ಲಿ 'ಡೆವ್‌ಟಿಎಂಪಿಎಫ್‌ಎಸ್' ಎಂಬ ಹೊಸ ಸೌಲಭ್ಯ ಬಂತು. ಯಂತ್ರ ಶುರುವಾಗುವಾಗಲೇ ಡಿಸ್ಕ್ ಮುಂತಾದವುಗಳ ಗುರುತು ಫೈಲ್‌ಗಳನ್ನು ಕರ್ನಲ್ಲೇ ಸೃಷ್ಟಿಸುವ ವ್ಯವಸ್ಥೆ ಅದು. ಹೊಸದಕ್ಕೆ ಮೊದಲ ಉತ್ತರ 'ಬೇಡ' ಎಂದಿರಬೇಕು ಎಂಬುದು ಟೋರ್ವಾಲ್ಡ್ಸ್ ಪಟ್ಟು ಹಿಡಿದ ನಿಯಮ. ಬಹಳ ಮಂದಿ ಎಂಟರ್ ಒತ್ತಿ ಮುಂದೆ ಹೋದರು. ಕೆಲವೇ ವರ್ಷಗಳಲ್ಲಿ, ಸಾಧನಗಳನ್ನು ನೋಡಿಕೊಳ್ಳುವ 'ಯುಡೆವ್' ಎಂಬ ಪ್ರೋಗ್ರಾಮ್‌ಗೆ ಈ ಸೌಲಭ್ಯ ಇರಲೇಬೇಕು ಎಂದಾಯಿತು. ಆದರೆ ಹಳೆ ಫೈಲಿನಲ್ಲಿ 'ಬೇಡ' ಎಂದು ಬರೆದಾಗಿತ್ತು. ಕಂಪ್ಯೂಟರ್ ಪಾಲಿಗೆ ಅದೂ ಒಂದು ಉತ್ತರವೇ. ಒಮ್ಮೆ ಉತ್ತರ ಸಿಕ್ಕಿದ ಮೇಲೆ ಅದು ಮತ್ತೆ ಕೇಳುವುದಿಲ್ಲ.

ಮೂರನೆಯದು ಹೆಸರೇ ಮಾಯವಾದದ್ದು. ಹಳೆ ಹಾರ್ಡ್‌ಡಿಸ್ಕ್‌ಗಳನ್ನು ನಡೆಸುತ್ತಿದ್ದ 'ಐಡಿಇ' ಎಂಬ ಕೋಡ್ ಭಾಗವನ್ನು 2021ರ 5.14 ಆವೃತ್ತಿಯಲ್ಲಿ ತೆಗೆದುಹಾಕಲಾಯಿತು. ಅದರ ಜಾಗಕ್ಕೆ 'ಲಿಬಾಟಾ' ವರ್ಷಗಳ ಹಿಂದೆಯೇ ಬಂದಿತ್ತು. ಹಳೆ ಫೈಲಿನಲ್ಲಿ ಐಡಿಇ 'ಬೇಕು', ಹೊಸ ಭಾಗ 'ಬೇಡ' ಎಂದಿದ್ದರೆ ಮೊದಲನೆಯದು ಅಳಿಸಿಹೋಗುತ್ತದೆ, ಎರಡನೆಯದು 'ಬೇಡ' ಆಗಿಯೇ ಉಳಿಯುತ್ತದೆ. ಆಗ ಕರ್ನಲ್‌ಗೆ ತನ್ನ ಡಿಸ್ಕೇ ಕಾಣುವುದಿಲ್ಲ.

ಈ ಪಾಠಗಳಿಂದ ಸಲಕರಣೆಗಳೂ ಸುಧಾರಿಸಿದವು. 2010ರಲ್ಲಿ ಟೋರ್ವಾಲ್ಡ್ಸ್ ಇನ್ನೊಂದು ವಿಷಯಕ್ಕೆ ಸಿಟ್ಟಾದರು. ಫೋನ್‌ಗಳಲ್ಲಿ ಬಳಸುವ ಎಆರ್‌ಎಂ ಚಿಪ್‌ಗಳಿಗಾಗಿ ಒಂದೊಂದು ಬೋರ್ಡಿಗೂ ಒಂದೊಂದು ಇಡೀ ಉತ್ತರಪಟ್ಟಿಯನ್ನು ಕರ್ನಲ್ ಒಳಗೆ ತುಂಬಿಸಿದ್ದರು. ಪ್ರತಿ ಸಲ ಸಾವಿರಾರು ಸಾಲು ಬದಲಾಗುತ್ತಿದ್ದವು, ಓದುವವರು ಯಾರೂ ಇರಲಿಲ್ಲ. ಇವನ್ನೆಲ್ಲ ಕಿತ್ತು ಹಾಕುತ್ತೇನೆ ಎಂದರು. ಆಗ ಊವೆ ಕ್ಲೈನ್-ಕೋನಿಗ್ ಎಂಬ ಡೆವಲಪರ್ ಒಂದು ದಾರಿ ತೋರಿಸಿದರು: ಮೂಲ ಉತ್ತರಕ್ಕಿಂತ ಬೇರೆಯಾಗಿರುವ ಸಾಲುಗಳನ್ನು ಮಾತ್ರ ಉಳಿಸೋಣ. ಒಂದು ಲಕ್ಷಕ್ಕೂ ಹೆಚ್ಚು ಸಾಲುಗಳು ಒಂದೇ ಏಟಿಗೆ ಹೋದವು. ಉಳಿದದ್ದು ಯಾರೋ ಯೋಚಿಸಿ ಬರೆದ ಉತ್ತರಗಳು. ಅವನ್ನು ಕೂತು ಓದಬಹುದು, ಪ್ರಶ್ನಿಸಬಹುದು.

ಫೋನ್‌ಗಳಲ್ಲಿ ಈ ಸಮಸ್ಯೆ ಇನ್ನೂ ದೊಡ್ಡದಾಗಿ ಬೆಳೆಯಿತು. ಒಂದೊಂದು ಕಂಪನಿಯದೂ ಒಂದೊಂದು ಕರ್ನಲ್, ಅದಕ್ಕೆ ಅವರದೇ ತಿದ್ದುಪಡಿ, ಅವರದೇ ಉತ್ತರಪಟ್ಟಿ. ಹೊಸ ಕರ್ನಲ್‌ಗೆ ಸಾಗಿಸುವುದೆಂದರೆ ದುಬಾರಿ ಕೆಲಸ. ಎರಡು ಮೂರು ವರ್ಷಕ್ಕೇ ಎಷ್ಟೋ ಫೋನ್‌ಗಳಿಗೆ ಸುರಕ್ಷತೆಯ ಅಪ್‌ಡೇಟ್ ನಿಂತುಹೋಗಲು ಇದೂ ಒಂದು ಕಾರಣ. ಆಂಡ್ರಾಯ್ಡ್ 12ರ ಹೊತ್ತಿಗೆ ಗೂಗಲ್ ದಾರಿ ಬದಲಿಸಿತು. 5.10 ಕರ್ನಲ್‌ನೊಂದಿಗೆ ಬರುವ ಹೊಸ ಫೋನ್‌ಗಳಲ್ಲಿ ಮುಖ್ಯ ಕರ್ನಲ್ ಒಂದೇ, ಅದರ ಸೆಟ್ಟಿಂಗ್ ಒಂದೇ. ಕಂಪನಿಗೆ ಬೇಕಾದ ಭಾಗಗಳು ಬೇರೆ ಮಾಡ್ಯೂಲ್‌ಗಳಾಗಿ ಪಕ್ಕದಲ್ಲಿರಬೇಕು.

ಹಳೆ ಉತ್ತರ ಬಳಸುವುದು ಸೋಮಾರಿತನವಲ್ಲ. ಅದರಲ್ಲಿ ಹಿಂದಿನವರ ಶ್ರಮ, ಅನುಭವ ಎರಡೂ ಇವೆ. ಉತ್ತರವನ್ನು ಮುಂದಕ್ಕೆ ದಾಟಿಸುವಾಗ ಪ್ರಶ್ನೆ ಈಗಲೂ ಅದೇನಾ ಎಂದು ನೋಡಬೇಕು, ಅಷ್ಟೇ. ನಿಮ್ಮೂರಿನ ಶಾಲೆಯಲ್ಲೋ ಸೈಬರ್ ಅಂಗಡಿಯಲ್ಲೋ ಯಾರಾದರೂ ಲಿನಕ್ಸ್ ಕರ್ನಲ್ ಬದಲಿಸಲು ಕೂತಿದ್ದರೆ ಅವರಿಗೆ ಎರಡು ಮಾತು ಹೇಳಿ. ಹೊಸ ಪ್ರಶ್ನೆ ಬಂದಾಗ ಎಂಟರ್ ಒತ್ತುವ ಮೊದಲು ಅದರ ಜೊತೆಗಿರುವ ವಿವರಣೆ ಓದಿ. ಹೊಸ ಕರ್ನಲ್ ನೆಟ್ಟಗೆ ಶುರುವಾಗುವವರೆಗೆ ಹಳೆಯದನ್ನು ಅಳಿಸಬೇಡಿ.