ಬೊಲೊನ್ಯದ ಕೈಸಾಲೆಗಳು: ಬೀದಿ ಗೆದ್ದ ವ್ಯಾಜ್ಯ

ಇಟಲಿಯ ಬೊಲೊನ್ಯ ನಗರದ ಪಿಯಾತ್ಸಾ ಮಜ್ಜೋರೆ ಚೌಕದಿಂದ ಹೊರಟು, ಹಳೆಯ ವಿಶ್ವವಿದ್ಯಾಲಯದ ಆರ್ಕಿಜಿನ್ನಾಸಿಯೊ ಕಟ್ಟಡದ ಮುಂದೆ ಸಾಗಿ, ಎರಡು ಗೋಪುರಗಳ ಬುಡದಿಂದ ಸ್ತ್ರಾದಾ ಮಜ್ಜೋರೆ ಬೀದಿ ಹಿಡಿದರೆ ನಡಿಗೆಯ ಬಹುಪಾಲು ಸೂರಿನಡಿಯಲ್ಲೇ ಸಾಗುತ್ತದೆ. ಮನೆಗಳ ಮುಂಭಾಗವೇ ಕಂಬಸಾಲಾಗಿ ಬೀದಿಗೆ ತೆರೆದುಕೊಂಡಿದೆ. ನಮ್ಮ ದೇವಾಲಯಗಳ ಕೈಸಾಲೆಯನ್ನು ನೆನಪಿಸುವ ಇವನ್ನು ಅಲ್ಲಿ ಪೋರ್ಟಿಕೊ ಎನ್ನುತ್ತಾರೆ. ಇಡೀ ನಗರದಲ್ಲಿ ಇವುಗಳ ಉದ್ದ ಸುಮಾರು 62 ಕಿಲೋಮೀಟರು. 2021ರಲ್ಲಿ ಯುನೆಸ್ಕೊ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನೋಡುವವರು ಕಮಾನುಗಳ ಚೆಲುವನ್ನು ಹೊಗಳುತ್ತಾರೆ. ಆದರೆ ಈ ನಿಧಾನ ನಡಿಗೆಯನ್ನು ಬೊಲೊನ್ಯಕ್ಕೆ ಕೊಟ್ಟದ್ದು ಶಿಲ್ಪಿಗಳಿಗಿಂತ ಹೆಚ್ಚಾಗಿ ಒಂದು ಕಾನೂನು ಎಂಬುದು ನನ್ನ ವಾದ.

ಶುರುವಾದದ್ದು ಒತ್ತುವರಿಯಿಂದ. ವಿಶ್ವವಿದ್ಯಾಲಯ ಬೆಳೆದಂತೆ ವಿದ್ಯಾರ್ಥಿಗಳೂ ಹಳ್ಳಿಗಳಿಂದ ಬಂದವರೂ ಊರಿನಲ್ಲಿ ತುಂಬಿದರು. ಜಾಗ ಸಾಲದೆ ಮನೆಯವರು ಮೇಲಂತಸ್ತನ್ನು ಬೀದಿಯ ಮೇಲಕ್ಕೆ ಚಾಚಿದರು. ಚಾಚು ಹೆಚ್ಚಾದಾಗ ಕೆಳಗೆ ಮರದ ಕಂಬ ನೆಟ್ಟರು. ಸ್ತ್ರಾದಾ ಮಜ್ಜೋರೆಯ ಕಾಸಾ ಇಸೊಲಾನಿ ಎಂಬ 13ನೇ ಶತಮಾನದ ಮನೆಯಲ್ಲಿ ಆ ಓಕ್ ಕಂಬಗಳು ಇಂದಿಗೂ ಮಾಳಿಗೆಯನ್ನು ಹೊತ್ತು ನಿಂತಿವೆ. ಅದನ್ನು ನೋಡಿದರೆ ಸಾಕು, ಇಡೀ ಚರಿತ್ರೆ ಅರ್ಥವಾಗುತ್ತದೆ. ನಗರಾಡಳಿತ ಈ ಕಂಬಗಳನ್ನು ಕೀಳಿಸಬಹುದಿತ್ತು. ಅದರ ಬದಲು 1288ರಲ್ಲಿ ಹೊಸ ಮನೆಗಳಿಗೆ ಪೋರ್ಟಿಕೊವನ್ನೇ ಕಡ್ಡಾಯ ಮಾಡಿತು. ಎತ್ತರ ಕನಿಷ್ಠ ಏಳು ಬೊಲೊನ್ಯ ಅಡಿ, ಅಂದರೆ ಸುಮಾರು 2.66 ಮೀಟರು ಇರಬೇಕು, ದುರಸ್ತಿ ಮನೆಯವರದೇ, ಓಡಾಟ ಮಾತ್ರ ಎಲ್ಲರದು. ಮೇಲಿನ ಕೋಣೆ ನಿನ್ನದಾಗಲಿ, ಕೆಳಗಿನ ದಾರಿ ಊರಿನದಾಗಲಿ ಎಂಬ ಈ ಕೊಡುಕೊಳ್ಳುವಿಕೆಯನ್ನು ನಾನು ನಗರಾಡಳಿತದ ಜಾಣತನ ಎಂದೇ ಎಣಿಸುತ್ತೇನೆ.

ಮಳೆ, ಹಿಮ, ಬಿಸಿಲು ಇರುವ ಊರಲ್ಲಿ ಸೂರು ತಾನಾಗಿಯೇ ಬರುತ್ತದೆ, ಇದರಲ್ಲಿ ಕಾನೂನಿನ ಹೆಚ್ಚುಗಾರಿಕೆ ಏನು ಎಂದು ಯಾರಾದರೂ ಕೇಳಬಹುದು. ಹಾಗಿದ್ದರೆ ರೋಮಿನಲ್ಲೂ ಮಳೆ ಬೀಳುತ್ತಿತ್ತಲ್ಲ? ಅಲ್ಲಿ 1480ರಲ್ಲಿ ಪೋಪ್ ನಾಲ್ಕನೆಯ ಸಿಕ್ಸ್ಟಸ್, ಬೀದಿಗಳು ಇಕ್ಕಟ್ಟಾಗುತ್ತವೆಂದು ಪೋರ್ಟಿಕೊಗಳನ್ನೂ ಚಾಚುಗಳನ್ನೂ ತೆಗೆಸಲು ಹೊರಟ. ಕಷ್ಟ ಎರಡೂ ಊರುಗಳದ್ದು ಒಂದೇ, ತೀರ್ಪು ಬೇರೆ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಬಾಡಿಗೆಯ ಆಸೆಯಿಂದ ಬೀದಿಯ ಆಕಾಶ ಕಬಳಿಸಿದವರಿಗೆ ಕಾನೂನು ಮನ್ನಣೆ ಕೊಟ್ಟಂತಾಯಿತಲ್ಲವೇ? ಹೌದು, ಅವರಿಗೆ ಲಾಭವಾಯಿತು. ಆದರೆ ಆ ಲಾಭಕ್ಕೆ ತೆತ್ತ ಬೆಲೆ ಒಂದು ಬಾರಿಯ ದಂಡವಲ್ಲ, ತಲೆತಲಾಂತರದ ಹೊಣೆ. 1568ರಲ್ಲಿ ಮರದ ಕಂಬಗಳ ಬದಲು ಇಟ್ಟಿಗೆ ಅಥವಾ ಕಲ್ಲಿನ ಕಂಬ ನಿಲ್ಲಿಸಬೇಕೆಂಬ ಆಜ್ಞೆ ಬಂದಾಗಲೂ ದಾರಿಯನ್ನು ಮುಚ್ಚುವ ಅವಕಾಶ ಮನೆಯವರಿಗೆ ಸಿಗಲಿಲ್ಲ.

ಅದೇ ಬೀದಿಯಲ್ಲಿ ಮುಂದೆ ಸಾಂತಾ ಮರಿಯಾ ದೇಯ್ ಸೆರ್ವಿ ಇಗರ್ಜಿ ಬರುತ್ತದೆ. ದೇವರ ಮನೆಯೂ ತೆಳ್ಳನೆಯ ಕಂಬಗಳ ಪೋರ್ಟಿಕೊವನ್ನು ಬೀದಿಗೆ ಬಿಟ್ಟುಕೊಟ್ಟಿದೆ. ಅಲ್ಲಿಂದ ಹಿಂತಿರುಗುವಾಗ ಕಮಾನುಗಳ ಜೊತೆಗೆ ಕಾಲಡಿಯ ನೆಲವನ್ನೂ ನೋಡಿ: ಒಂದೊಂದು ಮನೆಯ ಮುಂದೆ ಹಾಸು ಬದಲಾಗುತ್ತದೆ. ಆ ನೆಲ ಇಂದಿಗೂ ಬಹುಮಟ್ಟಿಗೆ ಮನೆಯವರ ಆಸ್ತಿ. ಅದರ ಮೇಲೆ ನಡೆಯುವ ಹಕ್ಕು ಎಲ್ಲರದು.