ಜೆರಾಕ್ಸ್ ಯಂತ್ರದಿಂದ ಹುಟ್ಟಿದ ಬಣ್ಣದ ಪೆನ್ನು

ಮಕ್ಕಳ ಶಾಲಾ ಚೀಲದಲ್ಲಿರುವ ಸ್ಕೆಚ್ ಪೆನ್ನನ್ನು ಇತಿಹಾಸದ ವಸ್ತುವೆಂದು ನಾವ್ಯಾರೂ ಭಾವಿಸುವುದಿಲ್ಲ. ಆದರೆ ಅದರ ವಂಶಾವಳಿ ಕುತೂಹಲಕರವಾದದ್ದು. 1953ರಲ್ಲಿ ಅಮೆರಿಕದ ಸಿಡ್ನಿ ರೋಸೆಂಥಾಲ್, ಶಾಯಿ ತುಂಬಿದ ಪುಟ್ಟ ಗಾಜಿನ ಬಾಟಲಿಯ ಬಾಯಿಗೆ ಉಣ್ಣೆಯ ಬತ್ತಿಯಿಟ್ಟು ಅದಕ್ಕೆ 'ಮ್ಯಾಜಿಕ್ ಮಾರ್ಕರ್' ಎಂದು ಹೆಸರಿಟ್ಟರು. ನಮ್ಮ ಎಣ್ಣೆಯ ದೀಪದ ಬತ್ತಿ ಕೆಲಸ ಮಾಡುವುದೂ ಇದೇ ತತ್ವದಿಂದ. ಮುಂದೆ 1960ರ ದಶಕದಲ್ಲಿ ಜಪಾನಿನ ಪೆಂಟೆಲ್ ಕಂಪನಿ ನೂಲಿನಂತಹ ಕೃತಕ ಎಳೆಗಳನ್ನು ಬಿಗಿದು ಸಪೂರವಾದ ತುದಿಯನ್ನು ತಯಾರಿಸಿತು.

ಕಾರು, ಕಟ್ಟಡ, ಜಾಹೀರಾತುಗಳ ವಿನ್ಯಾಸಕಾರರಿಗೆ ಇದೊಂದು ವರವಾಯಿತು. ಜಲವರ್ಣವಾದರೆ ಒಣಗುವವರೆಗೆ ಕಾಯಬೇಕು, ಕಾಗದವೂ ಸುಕ್ಕಾಗುತ್ತದೆ. ಮಾರ್ಕರ್ ಕ್ಷಣದಲ್ಲಿ ಒಣಗುತ್ತಿತ್ತು. ಆದರೆ ಅದರಲ್ಲಿದ್ದ ಕ್ಸೈಲೀನ್ ಎಂಬ ದ್ರಾವಕದ ವಾಸನೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ತಲೆನೋವು ತರಿಸುವಂಥದ್ದು.

ಇನ್ನೊಂದು ತೊಡಕು ಅನಿರೀಕ್ಷಿತ ದಿಕ್ಕಿನಿಂದ ಬಂತು. 1959ರಲ್ಲಿ ಜೆರಾಕ್ಸ್ ಕಂಪನಿ ಸಾದಾ ಕಾಗದದ ಮೇಲೆ ಪ್ರತಿ ತೆಗೆಯುವ ಯಂತ್ರವನ್ನು ಹೊರತಂದಿತ್ತು. ಒಮ್ಮೆ ರೇಖೆ ಬರೆದು, ಹತ್ತು ಪ್ರತಿ ತೆಗೆದು, ಹತ್ತು ಬಗೆಯಾಗಿ ಬಣ್ಣ ಹಚ್ಚಿ ನೋಡುವುದು ಈಗ ಸಾಧ್ಯವಾಯಿತು. ಆದರೆ ಪ್ರತಿಯ ಕಪ್ಪು ರೇಖೆ ಶಾಯಿಯಲ್ಲ. ಬಿಸಿಗೆ ಕರಗಿ ಕಾಗದಕ್ಕೆ ಅಂಟಿದ ಪ್ಲಾಸ್ಟಿಕ್ ಪುಡಿ. ಕ್ಸೈಲೀನ್ ಅದನ್ನು ಕರಗಿಸುತ್ತದೆ. ಪೆನ್ನು ತಗಲಿದೊಡನೆ ರೇಖೆ ಕದಡಿ, ಹಳದಿ ಬಣ್ಣ ಮಸಿಯಾಗುತ್ತಿತ್ತು.

ಇದಕ್ಕೆ ಉತ್ತರವಾಗಿ ಇಂದು 'ಟೂ' ಎಂಬ ಹೆಸರಿರುವ ಟೋಕಿಯೋದ ಕಂಪನಿ 1987ರಲ್ಲಿ ಆಲ್ಕೋಹಾಲ್ ಆಧಾರಿತ ಪೆನ್ನೊಂದನ್ನು ತಂದಿತು. ಆಲ್ಕೋಹಾಲ್ ಆ ಪುಡಿಯನ್ನು ಕರಗಿಸದು. ಪೆನ್ನಿನ ಹೆಸರು 'ಕಾಪಿಕ್'. 'ಕಾಪಿ' ಎಂಬ ಪದದಿಂದಲೇ ಬಂದದ್ದು. ಶಾಯಿ ಮುಗಿದರೆ ತುಂಬಿಸಬಹುದು, ತುದಿ ಸವೆದರೆ ಬದಲಿಸಬಹುದು. ಬಳಸಿ ಎಸೆಯುವ ವಸ್ತುಗಳ ಕಾಲದಲ್ಲಿ ಇದು ಸಣ್ಣ ಸಂಗತಿಯೇನಲ್ಲ. ಈಗ ಇದರಲ್ಲಿ 358 ಬಣ್ಣಗಳಿವೆ. ಜಪಾನಿನ ಮಾಂಗಾ ಚಿತ್ರಕತೆಗಾರರು ಇದನ್ನು ಮೆಚ್ಚಿಕೊಂಡರು. ಅದಕ್ಕೆ ಕಾರಣ ಬಣ್ಣ ಬೆರೆಯುವ ರೀತಿ. ತಿಳಿ ಬಣ್ಣವನ್ನು ಹಚ್ಚಿ, ಅದು ಹಸಿಯಿರುವಾಗಲೇ ಪಕ್ಕದಲ್ಲಿ ಗಾಢ ಬಣ್ಣವನ್ನಿಟ್ಟು, ಎರಡೂ ಸೇರುವ ಕಡೆ ಮತ್ತೆ ತಿಳಿ ಬಣ್ಣವನ್ನು ಆಡಿಸಿದರೆ ಅಂಚು ಮಾಯವಾಗುತ್ತದೆ. ಕೆನ್ನೆಯ ಕೆಂಪು, ಬಟ್ಟೆಯ ಮಡಿಕೆ ಎಲ್ಲವೂ ಕುಂಚವಿಲ್ಲದೆಯೇ ಮೂಡುತ್ತವೆ.

ಆದರೆ ಒಂದು ದೊಡ್ಡ ಕೊರತೆಯೂ ಇದೆ. ಚಿತ್ರಕಾರರ ವರ್ಣಗಳಲ್ಲಿ ಹೆಚ್ಚಿನವು ಅರೆದ ಬಣ್ಣದ ಕಣಗಳು. ಮಾರ್ಕರಿನದು ಬಟ್ಟೆಗೆ ಹಾಕುವಂಥ, ದ್ರವದಲ್ಲಿ ಕರಗಿದ ಬಣ್ಣ. ಬೆಳಕು ಬಿದ್ದಷ್ಟೂ ಅದು ಮಾಸುತ್ತದೆ. ಇದನ್ನು ತಯಾರಕರೂ ಅಲ್ಲಗಳೆಯುವುದಿಲ್ಲ. ಪತ್ರಿಕೆಯ ಮುಖಪುಟಕ್ಕೆ ಅಥವಾ ಕಾರ್ಖಾನೆಯ ಸಭೆಗೆ ಚಿತ್ರ ಬಿಡಿಸುತ್ತಿದ್ದವರು ಆ ಬಗ್ಗೆ ಚಿಂತಿಸಬೇಕಾಗಿರಲಿಲ್ಲ. ಅವರಿಗೆ ಬೇಕಾದದ್ದು ಮುದ್ರಣ, ಮೂಲವಲ್ಲ. ಇಂದು ಆ ಮೂಲಗಳು ವಿನ್ಯಾಸ ಚರಿತ್ರೆಯ ದಾಖಲೆಗಳು. ಕತ್ತಲೆಯ ಪೆಟ್ಟಿಗೆಯಲ್ಲಿಟ್ಟರೆ ಅವು ಉಳಿಯುತ್ತವೆ, ಆದರೆ ನೋಡುವವರಿಲ್ಲ. ಗೋಡೆಗೆ ತೂಗುಹಾಕಿದರೆ ನೋಡುವವರಿರುತ್ತಾರೆ, ಬಣ್ಣವಿರುವುದಿಲ್ಲ. ಹಾಗೆ ಮಾಸಿಹೋದ ಚಿತ್ರದ ನಿಜವಾದ ಬಣ್ಣ ಏನಿತ್ತೆಂದು ತಿಳಿಯಲು ಅದರ ಮುದ್ರಿತ ಪ್ರತಿಯನ್ನೇ ಹುಡುಕಬೇಕಾಗುತ್ತದೆ.