ಮಂಜರಾಬಾದ್ ಎಂಬ ಹಳೆಯ ಬೋರ್ಡು

ಸಕಲೇಶಪುರ ತಾಲ್ಲೂಕಿನ ಹಳೆಯ ಹೆಸರು ಮಂಜರಾಬಾದ್. ಆ ಹೆಸರು ಟಿಪ್ಪು 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಕೋಟೆಗೆ ಉಳಿದಿದೆ. ಕಾಫಿ ಬೆಳೆಗಾರರ ಕ್ಲಬ್ಬಿಗೂ ಉಳಿದಿದೆ. ಕ್ಲಬ್ ಶುರುವಾದದ್ದು 1893ರಲ್ಲಿ. ಇದೇ ಸೀಮೆಯ ಪ್ಲಾಂಟರ್ ರಾಬರ್ಟ್ ಎಲಿಯಟ್ ಮರುವರ್ಷ ತಂದ ಪುಸ್ತಕದ ಹೆಸರಿನಲ್ಲೇ ಚಿನ್ನ, ಶಿಕಾರಿ, ಕಾಫಿ ಮೂರೂ ಇವೆ.

ಒಂದು ಬಂಗಲೆಯಿಂದ ಇನ್ನೊಂದಕ್ಕೆ ನಡುವೆ ಕಾಡು. ಮಳೆ ಹಿಡಿದರೆ ತಿಂಗಳುಗಟ್ಟಲೆ ಬಿಡದು. ಆ ಬಿಳಿಯರಿಗೆ ಬೇಕಿದ್ದದ್ದು ಬರೀ ವಿಸ್ಕಿಯಲ್ಲ, ತಮ್ಮ ಮಾತಿನಲ್ಲಿ ಹರಟಲು ಒಂದು ಜಾಗ. ಐರಿಷ್ ಜನ ಹೋದಲ್ಲೆಲ್ಲ ಪಬ್ ತೆರೆದದ್ದೂ ಇದಕ್ಕೇ ಇರಬೇಕು. ಆದರೆ ಪಬ್ಬಿಗೆ ದಾರಿಹೋಕನೂ ನುಗ್ಗಬಹುದು. ಆ ಕಾಲದ ಪ್ಲಾಂಟರ್ ಕ್ಲಬ್ಬುಗಳೊಳಗೆ ನಮ್ಮವರು ಹೋಗುತ್ತಿದ್ದದ್ದು ಸಾಮಾನ್ಯವಾಗಿ ಟ್ರೇ ಹಿಡಿದುಕೊಂಡೇ.

ಅರಕಲಗೂಡಿನಿಂದ ತೋಟದ ಕೆಲಸಕ್ಕೆ ಹೋಗುತ್ತಿದ್ದ ನಮ್ಮಜ್ಜ ಇಂಥ ಕ್ಲಬ್ಬುಗಳನ್ನು ‘ದೊರೆಗಳ ಬಂಗ್ಲೆ’ ಎನ್ನುತ್ತಿದ್ದರು. ಈಗ ಅಲ್ಲಿ ಕೂರುವವರು ನಮ್ಮದೇ ಬೆಳೆಗಾರರು. ಮಳೆ, ಕಾಂಡಕೊರಕ, ಆನೆ ಹಾವಳಿ, ಕಾಫಿ ರೇಟು: ಮಾತು ಮುಗಿಯುವುದಿಲ್ಲ. ತಾಲ್ಲೂಕಿನ ಹೆಸರು ಬದಲಾಯಿತು, ಕ್ಲಬ್ಬಿನದು ಬದಲಾಗಲಿಲ್ಲ. ನನಗೆ ಅದು ಇಷ್ಟವೇ. ಆದರೂ ಆ ಬೋರ್ಡು ಕಂಡಾಗಲೆಲ್ಲ ಅನ್ನಿಸುತ್ತದೆ, ಅಜ್ಜ ಇದ್ದಿದ್ದರೆ ನನ್ನ ಜೊತೆ ಒಳಗೆ ಬರುತ್ತಿದ್ದರೋ, ಗೇಟಿನಲ್ಲೇ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರೋ.